ಮನೆಯ ಕಂಪ್ಯೂಟರಿನ ಐಪಿ ವಿಳಾಸ: ನಾನು ಕಲಿತ ಪಾಠ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಸಂಜೆ ಅದನ್ನು ಆನ್ ಮಾಡಿದರೆ 'ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್' ಎಂಬ ಸೂಚನೆ ಬಂತು. ಒಂದು ಪುಟವೂ ತೆರೆಯಲಿಲ್ಲ. ಆಪಾಳ ಹೊಸ ಮೊಬೈಲಿನಲ್ಲಿ ಮಾತ್ರ ಅದೇ ವೈಫೈ ಚೆನ್ನಾಗಿಯೇ ಓಡುತ್ತಿತ್ತು. "ನಿನ್ನ ಕಂಪ್ಯೂಟರ್ ಹಳೆಯದಾಯಿತು ಬಿಡೋ" ಎಂದಳು ಆಪಾ.

ತಪ್ಪು ಕಂಪ್ಯೂಟರಿನದಲ್ಲ, ನನ್ನದು. ರಜೆಯಲ್ಲಿ ಗೆಳೆಯನ ಲ್ಯಾಪ್‌ಟಾಪಿಗೆ ಜೋಡಿಸಿ ಆಟ ಆಡಲು ನಾನೇ ಕಂಪ್ಯೂಟರಿಗೆ 192.168.1.5 ಎಂಬ ವಿಳಾಸವನ್ನು ಕೈಯಾರೆ ಬರೆದಿದ್ದೆ. ಆಮೇಲೆ ಅದನ್ನು ಮರೆತೇ ಬಿಟ್ಟೆ. ಕಂಪ್ಯೂಟರ್ ಆಫ್ ಇದ್ದಾಗ ರೂಟರ್ ಅದೇ ವಿಳಾಸವನ್ನು ಆಪಾಳ ಮೊಬೈಲಿಗೆ ಕೊಟ್ಟಿತ್ತು.

ಇದನ್ನು ಹಾಸ್ಟೆಲಿಗೆ ಹೋಲಿಸಿ ನೋಡೋಣ. ರೂಟರ್ ವಾರ್ಡನ್ ಇದ್ದಂತೆ. ಬಂದವರಿಗೆಲ್ಲ ಖಾಲಿ ಕೋಣೆಯ ಸಂಖ್ಯೆ ಕೊಡುತ್ತದೆ. ಈ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ವಾರ್ಡನ್‌ಗೆ ಹೇಳದೆ ನಾನೇ 5ನೇ ಕೋಣೆಗೆ ನನ್ನ ಹೆಸರು ಅಂಟಿಸಿಕೊಂಡಿದ್ದೆ. ಒಂದೇ ಕೋಣೆಗೆ ಇಬ್ಬರಾದರೆ ಜಗಳವಾಗದೆ ಇರುತ್ತದೆಯೇ?

ನಾನು ಸರಿಪಡಿಸಿದ್ದು ಹೀಗೆ (ವಿಂಡೋಸ್‌ನಲ್ಲಿ):

1. ಕಂಟ್ರೋಲ್ ಪ್ಯಾನೆಲ್‌ನ 'ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್' ತೆರೆದು 'ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್' ಒತ್ತಿದೆ.
2. ವೈಫೈ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ಗೆ ಹೋದೆ.
3. 'ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4' ಆರಿಸಿ, ಅದರ 'ಪ್ರಾಪರ್ಟೀಸ್' ತೆರೆದೆ. ಅಲ್ಲಿದ್ದ ಹಳೆಯ ಸಂಖ್ಯೆಗಳನ್ನು ಮೊದಲು ಪುಸ್ತಕದಲ್ಲಿ ಬರೆದುಕೊಂಡೆ.
4. 'ಅಬ್ಟೇನ್ ಆ್ಯನ್ ಐಪಿ ಅಡ್ರೆಸ್ ಆಟೊಮ್ಯಾಟಿಕಲಿ' ಎಂಬುದನ್ನು ಆರಿಸಿ, ಡಿಎನ್‌ಎಸ್‌ಗೂ ಹಾಗೆಯೇ ಮಾಡಿ 'ಓಕೆ' ಒತ್ತಿದೆ.

ಕಂಪ್ಯೂಟರಿಗೆ 192.168.1.7 ಸಿಕ್ಕಿತು. ಪುಟ ತೆರೆಯಿತು, ರಾತ್ರಿ ಹತ್ತರೊಳಗೆ ಅರ್ಜಿಯೂ ಹೋಯಿತು.

ಪ್ರಿಂಟರಿನಂಥ ಸಾಧನಕ್ಕೆ ಬದಲಾಗದ ವಿಳಾಸವೇ ಬೇಕಿದ್ದರೆ ರೂಟರಿನ ಸೆಟ್ಟಿಂಗ್‌ನಲ್ಲೇ ಅದನ್ನು ಕಾಯ್ದಿರಿಸುವುದು ಒಳ್ಳೆಯದು. ಆಗ ರೂಟರ್ ಆ ಸಂಖ್ಯೆಯನ್ನು ಬೇರೆಯವರಿಗೆ ಕೊಡುವುದಿಲ್ಲ.

ಮರುದಿನ ಈ ಕಥೆ ಹೇಳಿದಾಗ ಗೆಳೆಯನೊಬ್ಬ ಕೇಳಿದ: "ಹಾಗಾದರೆ ಐಪಿ ಬದಲಿಸಿದರೆ ನಾವು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲವಾ?" ನಮ್ಮಲ್ಲಿ ಅನೇಕರು ಹೀಗೆಯೇ ತಿಳಿದಿದ್ದೇವೆ. ಅದು ಸರಿಯಲ್ಲ. ನಾನು ಬದಲಿಸಿದ್ದು ಮನೆಯೊಳಗಿನ ಕೋಣೆ ಸಂಖ್ಯೆಯನ್ನು ಮಾತ್ರ. 192.168 ಎಂದು ಆರಂಭವಾಗುವ ಖಾಸಗಿ ವಿಳಾಸಗಳು ಲೋಕದ ಲಕ್ಷಾಂತರ ಮನೆಗಳಲ್ಲಿ ಒಂದೇ ಹೊತ್ತಿಗೆ ಬಳಕೆಯಲ್ಲಿರುತ್ತವೆ. ಹೊರಗಿನ ಜಾಲತಾಣಕ್ಕೆ ಕಾಣುವುದು ಇಂಟರ್ನೆಟ್ ಸೇವೆ ಕೊಡುವ ಸಂಸ್ಥೆ ನೀಡಿದ ಸಾರ್ವಜನಿಕ ವಿಳಾಸ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಅದು ಕೆಲವೊಮ್ಮೆ ಬದಲಾಗಬಹುದು. ಆದರೆ ಯಾವ ಹೊತ್ತಿನಲ್ಲಿ ಯಾರಿಗೆ ಯಾವ ವಿಳಾಸ ಕೊಟ್ಟೆವು ಎಂಬ ದಾಖಲೆ ಆ ಸಂಸ್ಥೆಯಲ್ಲಿ ಇರುತ್ತದೆ. ಕೋಣೆ ಬದಲಿಸಿದ ಮಾತ್ರಕ್ಕೆ ಹಾಸ್ಟೆಲಿನ ಅಂಚೆ ವಿಳಾಸ ಬದಲಾಗುವುದಿಲ್ಲವಲ್ಲ!

ಹೀಗೆ ಎರಡು ಬಗೆಯ ವಿಳಾಸ ಏಕೆ? ಐಪಿ 4ನೇ ಆವೃತ್ತಿಯ ವಿಳಾಸ 32 ಬಿಟ್‌ಗಳದು. 2ರ ಘಾತ 32 ಎಂದರೆ ಸುಮಾರು 429 ಕೋಟಿ. ಲೋಕದ ಎಲ್ಲ ಸಾಧನಗಳಿಗೆ ಅದು ಸಾಲದು. ಜಾಗತಿಕ ಸಂಗ್ರಹದಲ್ಲಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಸಲಾಯಿತು. ಒಂದು ಸಾರ್ವಜನಿಕ ವಿಳಾಸವನ್ನು ಇಡೀ ಮನೆ ಹಂಚಿಕೊಂಡು ನಡೆಸುವುದು ಇದಕ್ಕೇ. 128 ಬಿಟ್‌ಗಳ 6ನೇ ಆವೃತ್ತಿ ಬಂದದ್ದೂ ಈ ಕೊರತೆ ನೀಗಿಸಲೆಂದೇ.

ಗೆಳೆಯರೇ, ಮನೆಯಲ್ಲಿ ಪ್ರಯೋಗ ಮಾಡಿ, ಆದರೆ ಹಳೆಯ ಸಂಖ್ಯೆ ಬರೆದಿಟ್ಟುಕೊಂಡೇ ಮಾಡಿ. ಕಾಲೇಜಿನ ಲ್ಯಾಬಿನಲ್ಲಿ ಮಾತ್ರ ಉಪನ್ಯಾಸಕರನ್ನು ಕೇಳದೆ ಕೈ ಹಾಕಬೇಡಿ. ಇನ್ನೊಂದು ಮಾತು: ಅರ್ಜಿಯನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿ. ಆ ತಪ್ಪನ್ನು ಸರಿಪಡಿಸುವ ಸೆಟ್ಟಿಂಗ್ ಯಾವ ಕಂಪ್ಯೂಟರಿನಲ್ಲೂ ಇಲ್ಲ.