ಮನೆಯ ಗಾಜಿನ ತೊಟ್ಟಿಯಲ್ಲಿ ಜೀಬ್ರಾ ಮೀನಿನ ಸಂತಾನಾಭಿವೃದ್ಧಿ

ಮನೆಗಳಲ್ಲಿ ಸಾಕುವ ಅಲಂಕಾರಿಕ ಮೀನುಗಳನ್ನು ಸಂತಾನೋತ್ಪತ್ತಿಯ ಕ್ರಮಕ್ಕೆ ಅನುಗುಣವಾಗಿ ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಗಪ್ಪಿ, ಮೋಲಿ ಮೊದಲಾದವು ಮರಿ ಹಾಕುವಂಥವು; ಉಳಿದವುಗಳಲ್ಲಿ ಬಹುಪಾಲು ಮೊಟ್ಟೆಯಿಡುವಂಥವು. ಮೊಟ್ಟೆಯಿಡುವ ಮೀನುಗಳಲ್ಲಿ ಕೆಲವು ಗೂಡು ಕಟ್ಟಿ ಕಾವಲಿರುತ್ತವೆ. ಬಾರ್ಬ್, ಟೆಟ್ರಾ, ಜೀಬ್ರಾ ಮೀನು ಮುಂತಾದವುಗಳಾದರೋ ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲಿ ಮುಂದೆ ಸಾಗುತ್ತವೆ. ಕಣ್ಣಿಗೆ ಬಿದ್ದ ಮೊಟ್ಟೆಗಳನ್ನು ತಾವೇ ತಿಂದುಬಿಡುವುದೂ ಉಂಟು. ಹೊಳೆಯಲ್ಲಿ ಕಲ್ಲುಗಳ ಸಂದು ಹಾಗೂ ಜಲಸಸ್ಯಗಳು ಮೊಟ್ಟೆಗಳಿಗೆ ಆಶ್ರಯ ನೀಡುತ್ತವೆ. ನಾಲ್ಕು ಗಾಜಿನ ಗೋಡೆಗಳ ನಡುವೆ ಆ ಆಶ್ರಯವನ್ನು ಸಾಕುವವರೇ ಒದಗಿಸಬೇಕು.

ನಮ್ಮ ನಾಡಿನ ಮೀನು

ಈ ಅಭ್ಯಾಸವನ್ನು ಆರಂಭಿಸುವವರಿಗೆ ಜೀಬ್ರಾ ಮೀನು ಅತ್ಯಂತ ಸೂಕ್ತವಾದುದು. ಸುಮಾರು 4 ಸೆಂಟಿಮೀಟರ್ ಉದ್ದದ, ನೀಲಿ ಪಟ್ಟೆಗಳ ಈ ಮೀನು ಭಾರತ ಉಪಖಂಡದ್ದೇ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಇದನ್ನು ವರ್ಣಿಸಿದರು. ಇದರ ಮೊಟ್ಟೆಗಳು ಪಾರದರ್ಶಕವಾಗಿರುವುದರಿಂದ ವಿಜ್ಞಾನಿಗಳು ಭ್ರೂಣದ ಬೆಳವಣಿಗೆಯನ್ನು ಹೊರಗಿನಿಂದಲೇ ಗಮನಿಸಬಲ್ಲರು. ಮಾನವನ ವಂಶವಾಹಿಗಳಲ್ಲಿ ಶೇಕಡಾ 70ರಷ್ಟಕ್ಕೆ ಸಮಾನವಾದವು ಇದರಲ್ಲಿವೆಯೆಂದು 2013ರಲ್ಲಿ ಪ್ರಕಟವಾಯಿತು. ಮನೆಯಲ್ಲಿಯೂ ಒಂದು ಭೂತಗನ್ನಡಿಯಿದ್ದರೆ, ಮೊಟ್ಟೆಯೊಳಗೆ ಮರಿಯು ರೂಪುಗೊಳ್ಳುವುದನ್ನು ಮಕ್ಕಳಿಗೆ ತೋರಿಸಬಹುದು.

ಪೂರ್ವಸಿದ್ಧತೆ

ಗಂಡು ಮೀನು ತೆಳ್ಳಗಿದ್ದು ಪಟ್ಟೆಗಳ ನಡುವೆ ಹೊಂಬಣ್ಣವಿರುತ್ತದೆ. ಹೆಣ್ಣಿನ ಹೊಟ್ಟೆ ದುಂಡಗಿದ್ದು ಬೆಳ್ಳಿಯಂತೆ ಹೊಳೆಯುತ್ತದೆ. ಒಂದು ವಾರ ಕಾಲ ಇವನ್ನು ಬೇರೆಬೇರೆಯಾಗಿರಿಸಿ ಸೊಳ್ಳೆಮರಿ, ನೀರುಚಿಗಟ ಮುಂತಾದ ಜೀವಂತ ಆಹಾರವನ್ನು ಕೊಡತಕ್ಕದ್ದು.

10ರಿಂದ 20 ಲೀಟರಿನ ಪ್ರತ್ಯೇಕ ತೊಟ್ಟಿಯೊಂದರ ತಳದಲ್ಲಿ ಗಾಜಿನ ಗೋಲಿಗಳನ್ನು ಎರಡು ಪದರಗಳಾಗಿ ಹರಡಬೇಕು. ಮೊಟ್ಟೆಗಳು ಒಂದು ಮಿಲಿಮೀಟರಿಗಿಂತಲೂ ಚಿಕ್ಕವಾಗಿದ್ದು, ಅಂಟದೆ ಮುಳುಗುವಂಥವು. ಗೋಲಿಗಳ ಸಂದಿಗೆ ಅವು ಇಳಿದರೆ ದೊಡ್ಡ ಮೀನುಗಳ ಬಾಯಿಗೆ ಎಟುಕುವುದಿಲ್ಲ. ನೀರಿನ ಆಳ 15 ಸೆಂಟಿಮೀಟರಿನಷ್ಟಿದ್ದರೆ ಸಾಕು. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಒಂದು ದಿನ ತೆರೆದಿಟ್ಟು ಬಳಸುವುದು ಅವಶ್ಯ. ಉಷ್ಣತೆಯು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಮುಂಬಯಿ, ಚೆನ್ನೈಗಳಲ್ಲಿ ಇದು ಬಹುಮಟ್ಟಿಗೆ ಸಹಜವಾಗಿಯೇ ದೊರೆಯುತ್ತದೆ. ದೆಹಲಿಯ ಚಳಿಗಾಲದಲ್ಲಿ ಹೀಟರ್ ಬೇಕಾಗುತ್ತದೆ.

ಮರಿಗಳ ಆಹಾರದ ಸಿದ್ಧತೆಯನ್ನೂ ಈಗಲೇ ಮಾಡಬೇಕು. ಒಂದು ಜಾಡಿಯಲ್ಲಿ ಹಳೆಯ ತೊಟ್ಟಿಯ ನೀರನ್ನು ತುಂಬಿ, ಎಲೆಕೋಸಿನ ಎಲೆಯ ಚೂರೊಂದನ್ನು ಹಾಕಿಡಿ. ನೀರು ಮೊದಲು ಕದಡಿ, ಬಳಿಕ ತಿಳಿಯಾಗುತ್ತದೆ. ಸುಮಾರು ಒಂದು ವಾರದಲ್ಲಿ ಪ್ಯಾರಮೀಸಿಯಂನಂತಹ ಸೂಕ್ಷ್ಮಜೀವಿಗಳು ಅದರಲ್ಲಿ ವೃದ್ಧಿಯಾಗಿರುತ್ತವೆ.

ಮೊಟ್ಟೆಯಿಂದ ಮರಿಯವರೆಗೆ

ಸಂಜೆ ಒಂದು ಹೆಣ್ಣು ಮತ್ತು ಎರಡು ಗಂಡುಗಳನ್ನು ಈ ತೊಟ್ಟಿಗೆ ಬಿಟ್ಟು ಕತ್ತಲು ಮಾಡಬೇಕು. ಬೆಳಗಿನ ಬೆಳಕು ಬೀಳುತ್ತಿದ್ದಂತೆ ಗಂಡುಗಳು ಹೆಣ್ಣನ್ನು ಬೆನ್ನಟ್ಟುತ್ತವೆ. ಆಗ ನೂರಾರು ಮೊಟ್ಟೆಗಳು ಚೆಲ್ಲಲ್ಪಡಬಹುದು. ಮಧ್ಯಾಹ್ನದೊಳಗೆ ದೊಡ್ಡ ಮೀನುಗಳನ್ನು ಹೊರತೆಗೆಯಲೇಬೇಕು. ಬಿಳಿಚಿಕೊಂಡ ಮೊಟ್ಟೆಗಳು ಸತ್ತಂಥವು. ಅವುಗಳ ಬೂಷ್ಟು ಉಳಿದವಕ್ಕೆ ಹರಡದಂತೆ ಪಿಪೆಟ್‌ನಿಂದ ತೆಗೆದುಹಾಕುವುದು ಒಳ್ಳೆಯದು.

ಎರಡು ಮೂರು ದಿನಗಳಲ್ಲಿ ಮರಿಗಳು ಹೊರಬಂದು, ಸಣ್ಣ ಗೆರೆಗಳಂತೆ ಗಾಜಿಗೆ ಅಂಟಿಕೊಂಡಿರುತ್ತವೆ. ಆಗ ಅವುಗಳಿಗೆ ತಮ್ಮ ಹಳದಿಚೀಲವೇ ಆಹಾರ. ಐದನೆಯ ದಿನದ ಹೊತ್ತಿಗೆ ಅವು ಈಜಲಾರಂಭಿಸುತ್ತವೆ. ಸಂತಾನಾಭಿವೃದ್ಧಿಯ ಸಫಲತೆ ನಿರ್ಧಾರವಾಗುವುದು ಈ ಘಟ್ಟದಲ್ಲಿಯೇ. ಪುಡಿ ಮಾಡಿದ ಸಾಮಾನ್ಯ ಮೀನಿನ ಆಹಾರವೂ ಅವುಗಳ ಬಾಯಿಗೆ ದೊಡ್ಡದಾಗಬಹುದು. ಜಾಡಿಯ ನೀರು ಸಿದ್ಧವಿಲ್ಲದಿದ್ದಲ್ಲಿ, ತಾಯ್ತಂದೆಯರ ಬಾಯಿಂದ ಪಾರಾದ ಮರಿಗಳು ಹಸಿವಿನಿಂದ ಸಾಯುತ್ತವೆ. ಆ ನೀರನ್ನು ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಒಂದು ವಾರದ ಬಳಿಕ ಆಗತಾನೆ ಹೊರಬಂದ ಆರ್ಟೀಮಿಯಾ ಮರಿಗಳನ್ನು ಕೊಡಬಹುದು. ಮಿಕ್ಕ ಆಹಾರ ಕೊಳೆಯದಂತೆ ನೀರನ್ನು ಆಗಾಗ್ಗೆ ಅಲ್ಪಪ್ರಮಾಣದಲ್ಲಿ ಬದಲಿಸತಕ್ಕದ್ದು.

ಸಾಕುವವರ ಹೊಣೆ

ಮರಿಗಳು ಸುಮಾರು ಮೂರು ತಿಂಗಳಲ್ಲಿ ಪ್ರೌಢಾವಸ್ಥೆಗೆ ಬರುತ್ತವೆ. ಅಷ್ಟು ಮೀನುಗಳಿಗೆ ಸ್ಥಳವೆಲ್ಲಿ ಎಂಬುದನ್ನು ಮೊದಲೇ ಯೋಚಿಸಬೇಕು. ಸ್ನೇಹಿತರಿಗೆ, ಶಾಲೆಗಳಿಗೆ ಅಥವಾ ಮಾರಾಟಗಾರರಿಗೆ ಕೊಡಬಹುದು. ಕೆರೆ, ನದಿಗಳಿಗೆ ಮಾತ್ರ ಬಿಡಲಾಗದು. ದೇಶೀಯ ಮೀನೇ ಆದರೂ ತೊಟ್ಟಿಯ ರೋಗಗಳನ್ನು ಅದು ಹೊರಗೆ ಒಯ್ಯಬಲ್ಲದು. ಅಲಂಕಾರಕ್ಕೆಂದು ತರಲಾದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ನಮ್ಮ ಹಲವು ಕೆರೆ, ನದಿಗಳಲ್ಲಿ ನೆಲೆಯೂರಿ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಮೊಟ್ಟೆಗಳನ್ನು ಕಾಪಾಡುವಷ್ಟೇ ಎಚ್ಚರಿಕೆಯಿಂದ ಊರಿನ ನೀರನ್ನೂ ಕಾಪಾಡುವುದು ಮೀನು ಸಾಕುವವರ ಕರ್ತವ್ಯ.