ಕೆಂಪಿಯ ನಿವೃತ್ತಿ ನಿಧಿ

ಕಳೆದ ಚಳಿಗಾಲದ ಡಾಗ್ ಶೋದಲ್ಲಿ ನಮ್ಮ ಕೆಂಪಿ ರಿಂಗಿನ ಎರಡನೇ ಸುತ್ತು ಓಡುತ್ತಾ ಹಿಂಗಾಲನ್ನು ಅರೆಕ್ಷಣ ನೆಲಕ್ಕೂರಲಿಲ್ಲ. ತೀರ್ಪುಗಾರರು ಗಮನಿಸಿದರೋ ಇಲ್ಲವೋ, ನನಗೆ ಕಂಡಿತು. ಕೆಂಪಿ ಎಂಟು ತುಂಬಿದ ಮುಧೋಳ ತಳಿಯ ಹೆಣ್ಣು. ಮರುದಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆವು. ಎಕ್ಸ್‌ರೇಯಲ್ಲಿ ಕೀಲು ಸವೆತದ ಆರಂಭ ಕಾಣಿಸಿತು. “ನಡೆಸಿ, ಓಡಿಸಬೇಡಿ” ಎಂದರು ಡಾಕ್ಟರು.

ಆ ರಾತ್ರಿ ಯಲಹಂಕ ನ್ಯೂ ಟೌನಿನ ಮನೆಯಲ್ಲಿ ಖರ್ಚಿನ ಪುಸ್ತಕ ತೆರೆದೆ. “ರೀ, ಇಷ್ಟೆಲ್ಲ ಖರ್ಚು ಮಾಡಿದ್ದೀವಿ, ಇನ್ನೊಂದು ಸೀಸನ್ ನೋಡಬಾರದಾ?” ಎಂದಳು ಹೆಂಡತಿ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಬಿದ್ದ ಷೇರನ್ನು ಮಾರಲಾರದೆ ಹಿಡಿದು ಕೂರುವವರೂ ಇದೇ ಮಾತಾಡುತ್ತಾರೆ. ಕೈಬಿಟ್ಟು ಹೋದ ಹಣ ಮುಂದಿನ ನಿರ್ಧಾರಕ್ಕೆ ಕಾರಣವಾಗಬಾರದು.

ಪ್ರವೇಶ ಶುಲ್ಕ, ಹ್ಯಾಂಡ್ಲರ್ ಸಂಭಾವನೆ, ಕಾರು, ಹೊರಊರಾದರೆ ರೂಮು ಸೇರಿ ಒಂದು ಶೋಗೆ ನಮಗೆ ಸರಾಸರಿ 14,000 ರೂಪಾಯಿ ತಗಲುತ್ತಿತ್ತು. ವರ್ಷಕ್ಕೆ ಆರು ಶೋ ಎಂದರೆ 84,000. ಐದು ವರ್ಷಕ್ಕೆ 4,20,000. ಬಂದದ್ದು ರಿಬ್ಬನ್ನು, ಕಪ್ಪು, ಚಾಂಪಿಯನ್ ಪಟ್ಟ. ಜೊತೆಗೆ ಒಂದು ಸೂಲಿನ ಮರಿಗಳಿಂದ 60,000. ಶೋ ನಮಗೆ ಸಂತೋಷ ಕೊಟ್ಟಿತು, ಅದು ನಿಜ. ಆದರೆ ಅದು ಹೂಡಿಕೆಯಾಗಿರಲಿಲ್ಲ.

“ಇನ್ನೊಂದು ಸೂಲು ಹಾಕಿಸಿ, ಖರ್ಚು ಹುಟ್ಟುತ್ತೆ” ಎಂದವರಿದ್ದರು. ನಾಯಿ ತಳಿ ಅಭಿವೃದ್ಧಿ ಕುರಿತ 2017ರ ಕೇಂದ್ರ ನಿಯಮಗಳು ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ ಸೂಲು ಎಂದು ಮಿತಿ ಹಾಕಿವೆ. ಕೆಂಪಿಗಾಗಿದ್ದು ಒಂದೇ. ಆದರೂ ಕೀಲು ಸವೆದ ಮುದಿ ಮೈಯಿಂದ ದುಡಿಸಿ ಶೋ ಖರ್ಚು ಹುಟ್ಟಿಸಲು ನಮಗೆ ಮನಸ್ಸಾಗಲಿಲ್ಲ.

ಇನ್ನೊಂದು ಅಪಾಯವೂ ಇತ್ತು. ಶೋ ನಾಯಿಯೆಂದೇ ಅವಳಿಗೆ ಸಂತಾನಹರಣ ಮಾಡಿಸಿರಲಿಲ್ಲ. ಅಂಥ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯ ಹೆಚ್ಚು. ಆಗ ತುರ್ತು ಶಸ್ತ್ರಚಿಕಿತ್ಸೆಯೇ ಗತಿ. ನಿವೃತ್ತಿಯನ್ನು ಒಂದು ಸೀಸನ್ ಮುಂದೂಡಿದರೆ ಆ ಅಪಾಯವನ್ನೂ ಒಂದು ಸೀಸನ್ ಹೊತ್ತಂತೆ. ವಿಮೆ ವಿಚಾರಿಸಿದೆ. ಎಳೆಯ ವಯಸ್ಸಿನಲ್ಲೇ ಮಾಡಿಸಬೇಕಿತ್ತು; ಈಗಾಗಲೇ ಇರುವ ಕಾಯಿಲೆಗೆ ಪರಿಹಾರ ಸಿಗುವುದಿಲ್ಲ. ನಾಯಿಯ ವಿಮಾ ಕಂತಿಗೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ.

ಹಾಗಾಗಿ ಶೋ ನಿಲ್ಲಿಸಿದೆವು. ವರ್ಷದ ಅದೇ 84,000ವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 7,000ದಂತೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ತೆರೆದೆವು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು. ಮುದಿ ನಾಯಿಯ ಖರ್ಚು ಅಷ್ಟು ಕಾಯುವುದಿಲ್ಲ. ಸಂತಾನಹರಣವನ್ನು ಕೈಯಲ್ಲಿದ್ದ ಹಣದಿಂದಲೇ, ಅವಳು ಗಟ್ಟಿಯಾಗಿದ್ದಾಗಲೇ ಮಾಡಿಸಿದೆವು. ಕೀಲಿನ ಔಷಧಿ, ರಕ್ತಪರೀಕ್ಷೆಗೆ ಈಗ ಆ ನಿಧಿಯಿದೆ. ಗೆದ್ದ ಚಾಂಪಿಯನ್ ಪಟ್ಟ ಅವಳ ಹೆಸರಿನ ಜೊತೆಗೇ ಉಳಿದಿದೆ. ನಿವೃತ್ತಿಯಾದರೆ ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಶೋ ನಾಯಿ ಸಾಕುವವರಲ್ಲಿ ನನ್ನದೊಂದು ಕೋರಿಕೆ. ನಾಯಿಗೆ ಆರು ತುಂಬಿದ ದಿನವೇ ಅದರ ಮುಪ್ಪಿನ ಹಣವನ್ನು ಬೇರೆ ಖಾತೆಯಲ್ಲಿಡಲು ಶುರುಮಾಡಿ. ಆ ಖಾತೆಗೆ ಹಾಕಲು ಹಣ ಸಾಲದ ತಿಂಗಳಲ್ಲಿ ಶೋದ ಎಂಟ್ರಿ ಫಾರಂ ತುಂಬಬೇಡಿ.