ಗುಂಪಿನಲ್ಲಿ ಮನಸ್ಸು ಬಿಚ್ಚುವುದು ಹೇಗೆ ಡಾಕ್ಟ್ರೇ?

ಪ್ರಶ್ನೆ: ನಾನು ಕಲಬುರಗಿ ಕಡೆಯವನು, ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿನಾರ್ ಇದೆ ಅಂದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ. ಹುಷಾರಿಲ್ಲವೆಂದು ಹೇಳಿ ತಪ್ಪಿಸಿಕೊಂಡದ್ದೂ ಉಂಟು. ಮೊದಲ ಸೆಮಿಸ್ಟರಿನಲ್ಲಿ ನನ್ನ ಮಾತಿನ ಧಾಟಿ ಕೇಳಿ ಕೆಲವರು ನಕ್ಕಿದ್ದರು. ಈಗ ಮೆಸ್ಸಿಗೂ ಎಲ್ಲರೂ ಉಂಡು ಎದ್ದ ಮೇಲೆ ಹೋಗುತ್ತೇನೆ. ಕೌನ್ಸೆಲರ್ ಮೇಡಂ ‘ಗ್ರೂಪಿಗೆ ಸೇರಿಕೋ’ ಅನ್ನುತ್ತಾರೆ. ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದ್ದೇ ನನ್ನ ಕಾಯಿಲೆ. ಅದಕ್ಕೆ ನಾಲ್ಕು ಜನರ ನಡುವೆ ಕೂರಿಸುವುದು ಎಂಥ ಚಿಕಿತ್ಸೆ?

ಉತ್ತರ: ನೀವು ಬರೆದಿರುವ ಲಕ್ಷಣಗಳು ಸಾಮಾಜಿಕ ಆತಂಕವನ್ನು ಹೋಲುತ್ತವೆ. ಖಚಿತಪಡಿಸಲು ನಿಮ್ಮನ್ನು ಎದುರು ಕೂರಿಸಿಕೊಂಡು ಮಾತಾಡಬೇಕು. ಆದರೆ ಇದು ಹೇಡಿತನವಂತೂ ಅಲ್ಲ. ಈ ಆತಂಕ ಬೆಳೆಯುವುದೇ ತಪ್ಪಿಸಿಕೊಳ್ಳುವುದರಿಂದ. ಸೆಮಿನಾರ್ ತಪ್ಪಿದ ದಿನ ಜೀವಕ್ಕೆ ಹಾಯೆನಿಸುತ್ತದೆ. ಆ ಹಾಯೇ ಮುಂದಿನ ಸಲದ ಭಯವನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ‘ಮಾತಾಡಿದ್ದರೆ ಏನಾಗುತ್ತಿತ್ತು’ ಎಂದು ತಿಳಿಯುವ ಅವಕಾಶವೇ ನಿಮಗೆ ಸಿಕ್ಕಿಲ್ಲ ನೋಡಿ.

ಆ ಅವಕಾಶ ಗುಂಪಿನಲ್ಲಿ ಸಿಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಹೈಂಬರ್ಗ್ ಈ ಆತಂಕಕ್ಕೆಂದೇ ರೂಪಿಸಿದ ಗುಂಪು ಚಿಕಿತ್ಸೆ ಹನ್ನೆರಡು ವಾರಗಳದು. ವಾರಕ್ಕೊಮ್ಮೆ ಆರೇಳು ಜನ, ಇಬ್ಬರು ಚಿಕಿತ್ಸಕರು, ಸುಮಾರು ಎರಡೂವರೆ ಗಂಟೆ. ಮೊದಲ ದಿನವೇ ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ಸ್ವಲ್ಪ ಭಯ ಹುಟ್ಟಿಸುವ ಕೆಲಸದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾರೆ. ನಿಮ್ಮ ಸರದಿ ಬಂದಾಗ ಏನಾಗುತ್ತದೆಂದು ಅಂದುಕೊಂಡಿದ್ದೀರಿ ಎಂದು ಮೊದಲೇ ಕೇಳುತ್ತಾರೆ. ‘ಧ್ವನಿ ನಡುಗುತ್ತೆ, ಎಲ್ಲರಿಗೂ ಗೊತ್ತಾಗುತ್ತೆ’ ಅನ್ನುತ್ತೀರಿ. ಐದು ನಿಮಿಷ ಮಾತಾಡಿ ಕೂತ ಮೇಲೆ ಉಳಿದವರನ್ನು ಕೇಳುತ್ತಾರೆ. ನಡುಕ ಹೆಚ್ಚಿನವರ ಗಮನಕ್ಕೇ ಬಂದಿರುವುದಿಲ್ಲ. ಗಮನಿಸಿದವರಿಗೂ ಅದು ದೊಡ್ಡದೆನಿಸಿರುವುದಿಲ್ಲ. ಇದನ್ನೇ ನಾನು ನನ್ನ ಕೋಣೆಯಲ್ಲಿ ಹತ್ತು ಸಲ ಹೇಳಿದರೂ ‘ಡಾಕ್ಟರು ಸಮಾಧಾನಕ್ಕೆ ಹೇಳ್ತಾರೆ’ ಅಂದುಕೊಳ್ಳುತ್ತೀರಿ. ನಿಮ್ಮದೇ ಭಯವನ್ನು ಹೊತ್ತು ಬಂದ ಓರಗೆಯ ಹುಡುಗ ಹೇಳಿದರೆ ನಂಬುತ್ತೀರಿ. ಗುಂಪಿನ ಶಕ್ತಿ ಇರುವುದೇ ಇಲ್ಲಿ.

ಇದು ಹೊಸದೇನಲ್ಲ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ವಿಶ್ರಾಂತಿ, ಶುದ್ಧ ಗಾಳಿಯ ಪಾಠ ಹೇಳತೊಡಗಿದರು. ಪಾಠಕ್ಕಿಂತ ಹೆಚ್ಚಾಗಿ ರೋಗಿಗಳು ಒಬ್ಬರಿಂದೊಬ್ಬರು ಧೈರ್ಯ ಪಡೆಯುತ್ತಿದ್ದುದನ್ನು ಅವರು ಕಂಡುಕೊಂಡರು. ಇವತ್ತಿಗೂ ಆತಂಕ, ಖಿನ್ನತೆಗಳಲ್ಲಿ ಸರಿಯಾಗಿ ನಡೆದ ಗುಂಪು ಚಿಕಿತ್ಸೆಯ ಫಲ ಒಬ್ಬೊಬ್ಬರಿಗೇ ಕೊಡುವ ಚಿಕಿತ್ಸೆಗೆ ಹೆಚ್ಚುಕಡಿಮೆ ಸಮನಾಗಿದೆ.

ಇನ್ನು ಭಾಷೆ. ನಮ್ಮ ಕ್ಯಾಂಪಸ್ಸುಗಳಲ್ಲಿ ಇಂಥ ಗುಂಪು ನಡೆದರೆ ಎಷ್ಟೋ ಕಡೆ ಅದು ಇಂಗ್ಲಿಷಿನಲ್ಲೇ ಸಾಗುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಸಂಕಟ ಯಾವ ಮಾತಿನಲ್ಲಿ ಬರುತ್ತದೋ ಆ ಮಾತಿನಲ್ಲೇ ಅದನ್ನು ಕೇಳಿಸಿಕೊಳ್ಳಬೇಕು. ‘ನಾನು ನಮ್ಮ ಕಡೆಯ ಕನ್ನಡದಲ್ಲೇ ಮಾತಾಡ್ತೀನಿ, ಆಗುತ್ತಾ?’ ಎಂದು ಮೇಡಂ ಅವರನ್ನು ಮೊದಲೇ ಕೇಳಿ. ಯಾರಾದರೂ ನಕ್ಕರೆ ತಡೆಯುವುದು ಗುಂಪು ನಡೆಸುವವರ ಜವಾಬ್ದಾರಿ. ಸೇರುವ ಮುನ್ನ ಅವರ ಜೊತೆ ಒಮ್ಮೆ ಒಬ್ಬರೇ ಕೂತು ಮಾತಾಡಿ; ಒಳ್ಳೆಯ ಗುಂಪಿಗೆ ಆ ಭೇಟಿಯಿಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಮಗಳು ಬಿ.ಇ. ಮೂರನೇ ವರ್ಷ, ಹಾಸ್ಟೆಲಿನಲ್ಲಿದ್ದಾಳೆ. ಕಾಲೇಜಿನಲ್ಲಿ ಗ್ರೂಪ್ ಕೌನ್ಸೆಲಿಂಗಿಗೆ ಹೋಗುತ್ತಿದ್ದಾಳಂತೆ. ಮನೆಯ ವಿಷಯ ಹತ್ತು ಕಿವಿಗೆ ಬಿದ್ದರೆ ನಾಳೆ ಸಂಬಂಧ ನೋಡುವಾಗ ತೊಂದರೆಯಾಗದೇ?

ಉತ್ತರ: ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡುವುದು ಚಿಕಿತ್ಸಕರ ಕರ್ತವ್ಯ. ಅಂಕಪಟ್ಟಿಯಲ್ಲಿ ಇದರ ಸುಳಿವೂ ಇರುವುದಿಲ್ಲ. ಆದರೆ ಗುಂಪಿನ ಇತರ ವಿದ್ಯಾರ್ಥಿಗಳನ್ನು ಕಟ್ಟಿಹಾಕುವುದು ಕಾನೂನಿಗಿಂತ ಹೆಚ್ಚಾಗಿ ಮೊದಲ ದಿನ ಅವರು ಕೊಟ್ಟ ಮಾತು. ಹಾಗಾಗಿ ಅನುಭವಿಗಳು ಒಂದೇ ತರಗತಿಯವರನ್ನು, ಒಂದೇ ರೂಮಿನವರನ್ನು ಒಂದು ಗುಂಪಿಗೆ ಹಾಕುವುದಿಲ್ಲ. ಮೊಬೈಲುಗಳನ್ನು ಹೊರಗಿಡಿಸುತ್ತಾರೆ, ವಾಟ್ಸ್ಆ್ಯಪ್ ಗುಂಪು ಮಾಡಗೊಡುವುದಿಲ್ಲ. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ನಿಮ್ಮ ಮಗಳ ಕೈಯಲ್ಲೇ ಇದೆ. ಮನೆಯವರ ಹೆಸರೆತ್ತದೆಯೂ ಅವಳು ತನ್ನ ದುಃಖ ಹೇಳಿಕೊಳ್ಳಬಹುದು.

ಅವಳು ವಯಸ್ಕಳು. ಒಳಗೆ ಏನು ಹೇಳಿದಳೆಂದು ಕೌನ್ಸೆಲರ್ ನಿಮಗೂ ತಿಳಿಸುವುದಿಲ್ಲ. ಜೀವಕ್ಕೆ ಅಪಾಯದಂಥ ಸಂದರ್ಭಗಳಲ್ಲಷ್ಟೇ ಆ ಗುಟ್ಟು ಮುರಿಯಬಹುದು. ಫೋನಿನಲ್ಲಿ ‘ಇವತ್ತು ಏನು ಹೇಳಿದೆ’ ಎಂದು ಕೆದಕಬೇಡಿ. ‘ಊಟ ಆಯ್ತಾ ಮಗಾ, ನಿದ್ದೆ ಬರ್ತಿದೆಯಾ’ ಎಂದು ಕೇಳಿ. ಕಷ್ಟ ಬಂದಾಗ ನೆರವು ಹುಡುಕಿಕೊಂಡು ಹೋಗಿದ್ದಾಳೆ. ಅದನ್ನು ಅವಳ ವಿವೇಕವೆಂದೇ ನಾನು ಎಣಿಸುತ್ತೇನೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ನೂರಾರು ಜನರನ್ನು ಆಡಿಟೋರಿಯಮ್ಮಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ ಭಾಷಣ ಮಾಡಿದರು. ಗುಂಪು ಚಿಕಿತ್ಸೆ ಅಂದರೆ ಇದೇನಾ?

ಉತ್ತರ: ಅಲ್ಲ. ಅದು ಅರಿವಿನ ಕಾರ್ಯಕ್ರಮ. ಚಿಕಿತ್ಸೆಯ ಗುಂಪೆಂದರೆ ಆರರಿಂದ ಹತ್ತು ಜನ, ಅದೇ ಮುಖಗಳು, ಅದೇ ಕೋಣೆ, ವಾರಕ್ಕೊಮ್ಮೆ ಸುಮಾರು ಒಂದೂವರೆ ಗಂಟೆ. ಕೆಲವು ಗುಂಪುಗಳು ಕೌಶಲ ಕಲಿಸುತ್ತವೆ: ಪರೀಕ್ಷೆಯ ಭಯ, ನಿದ್ದೆ, ಸಿಟ್ಟು. ಕೆಲವು ಒಂದೇ ನೋವಿನವರಿಗೆ: ತಂದೆತಾಯಿಯನ್ನು ಕಳೆದುಕೊಂಡವರು, ಕುಡಿತ ಬಿಡಲು ಹೊರಟವರು. ಮೂರನೆಯದರಲ್ಲಿ ನಿಗದಿತ ಪಾಠವೇ ಇರುವುದಿಲ್ಲ. ಒಬ್ಬರೊಡನೊಬ್ಬರು ನಡೆದುಕೊಳ್ಳುವ ರೀತಿಯನ್ನೇ ಅಲ್ಲಿ ಗಮನಿಸಿ ಮಾತಾಡುತ್ತಾರೆ. ಇದು ಕಷ್ಟದ ಕೆಲಸ, ನುರಿತವರೇ ನಡೆಸಬೇಕು.

ಪ್ರಶ್ನೆ: ರೂಮ್‌ಮೇಟ್ ‘ಬದುಕಿ ಏನು ಪ್ರಯೋಜನ’ ಅನ್ನುತ್ತಿದ್ದಾಳೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಗುಂಪಿಗೆ ಸೇರಿಸಲೇ?

ಉತ್ತರ: ಈಗ ಗುಂಪು ಬೇಡ. ಆಣೆ ಮುರಿಯಿರಿ, ಇವತ್ತೇ. ‘ಸಾಯುವ ಯೋಚನೆ ಬರ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬಳನ್ನೇ ಬಿಡಬೇಡಿ. ವಾರ್ಡನ್‌ಗೆ ಅಥವಾ ನೀವು ನಂಬುವ ಅಧ್ಯಾಪಕರಿಗೆ ತಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416 ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೂಡಲೇ ಅಪಾಯವಿದ್ದರೆ 112ಕ್ಕೆ ಕರೆಮಾಡಿ. ಅವಳು ಸಿಟ್ಟಾದರೂ ಆಗಲಿ.

ಪ್ರಶ್ನೆ: ನಮ್ಮದು ತಾಲ್ಲೂಕಿನ ಡಿಗ್ರಿ ಕಾಲೇಜು. ಕೌನ್ಸೆಲರೇ ಇಲ್ಲ. ನಾವೇ ಸ್ನೇಹಿತರು ಸೇರಿ ಗುಂಪು ಮಾಡಿಕೊಳ್ಳಬಹುದೇ?

ಉತ್ತರ: ಸೇರಿ ಮಾತಾಡುವುದು ಒಳ್ಳೆಯದೇ. ಚಿಕಿತ್ಸೆ ಎಂದು ಮಾತ್ರ ಕರೆಯಬೇಡಿ. ಹಳೆಯ ಗಾಯಗಳನ್ನು ಕೆದಕಿದರೆ ಕಟ್ಟು ಹಾಕುವವರು ಅಲ್ಲಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಯಾವ ವಾರವೆಂದು ವಿಚಾರಿಸಿ ಹೋಗಿ. ನಿಮ್ಹಾನ್ಸ್ ನೆರವಿನಿಂದ ನಡೆಯುವ ‘ಯುವ ಸ್ಪಂದನ’ ಕೇಂದ್ರದ ಬಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಕೇಳಿ. ಧಾರವಾಡದ ಸುತ್ತಿನವರಿಗೆ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಇನ್ನೊಂದು ಮಾತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಈ ಆದೇಶವನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಕೊಡಿ, ಸಹಿ ಹಾಕುವವರು ಸಾಕಷ್ಟು ಸಿಗುತ್ತಾರೆ. ಜೊತೆಗೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನೂ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದೂವರೆ ಗಂಟೆಯನ್ನೂ ಕೇಳಿ. ಸಂಜೆ ಕೊನೆಯ ಬಸ್ ಹಿಡಿಯುವ ಹುಡುಗಿಯರೂ ಬರುವಂಥ ಹೊತ್ತಿನಲ್ಲಿ ಅದು ಇರಲಿ.